ಬಿಲ್ವಿದ್ಯೆಯೂ ನಮ್ಮ ಸೀಮೆಯ ವೃದ್ಧರ ನೆನಪೂ

ಕಬಕ, ಪುತ್ತೂರು, ಸುಳ್ಯದ ಕಡೆಗಳಲ್ಲಿ ಎಂಬತ್ತು ದಾಟಿದ ವೃದ್ಧರೊಡನೆ ಬಿಲ್ವಿದ್ಯೆಯ ಮಾತೆತ್ತಿದವರಿಗೆ ಒಂದು ವಿಚಿತ್ರವಾದ ಸಂಗತಿಯು ಕಂಡುಬರದೆ ಇರದು. ಬಿಲ್ಲಿನ ಉದ್ದವೆಷ್ಟು, ಅದಕ್ಕೆ ಯಾವ ಮರ, ಹೆದೆಗೆ ಯಾವ ನಾರು ಎಂಬುದನ್ನು ಅವರು ಹೇಳುವುದಿಲ್ಲ. ನಮ್ಮೂರಿನಲ್ಲಿ ಇಂತಹವನೊಬ್ಬನು ಗುರಿಗಾರನಾಗಿದ್ದನೆಂದೂ ಹೇಳುವುದಿಲ್ಲ. ಅವರು ಹೇಳುವುದು ಬಾಣವು ತಗಲಿದವನ ಕಥೆಯನ್ನು. ಅದು ಮುಂದಿನಿಂದ ಬಂತೋ, ಬೆನ್ನಿನಿಂದ ಬಂತೋ, ಮರದ ಮರೆಯಿಂದ ಬಂತೋ, ಬಿಟ್ಟವನು ಆಮೇಲೆ ಏನೆಂದನು, ತಗಲಿಸಿಕೊಂಡವನು ಏನೆಂದನು ಎಂಬುದೆಲ್ಲವೂ ನಿನ್ನೆ ನಡೆದುದೋ ಎಂಬಂತೆ ಅವರ ಬಾಯಿಂದ ಹೊರಡುತ್ತದೆ. ಬೇರೆ ಸೀಮೆಗಳವರು ಬಿಲ್ಲನ್ನು ಹೊಗಳಿದರು. ನಮ್ಮವರು ಅದನ್ನು ವಿಚಾರಣೆಗೆ ನಿಲ್ಲಿಸಿದರು.

ಹೀಗಾದುದಕ್ಕೆ ಕಾರಣವು ಈ ಮಣ್ಣಿನಲ್ಲಿಯೇ ಇದೆ. ಬಿಲ್ಲವರೆಂಬ ಹೆಸರು ಬಿಲ್ಲಿನಿಂದ ಬಂದುದೆಂದು ಹಲವರು ಹೇಳುತ್ತಾರೆ. ತುಳುವಿನಲ್ಲಿ ಬಿಲ್ಲಿಗೆ ಬಿರು ಎಂದೂ ಬಾಣಕ್ಕೆ ಪಗರಿ ಎಂದೂ ಹೆಸರು. ಆ ಜನರನ್ನು ತುಳುವಿನಲ್ಲಿ ಕರೆಯುವುದು ಬಿರುವೆರ್ ಎಂದು. ಆದರೆ ಆ ಕುಲದ ಮಹಾವೀರರಾದ ಕೋಟಿ-ಚೆನ್ನಯರ ಗರಡಿಗೆ ಹೋಗಿ ನೋಡಿದರೆ ಅವರ ಆಯುಧವೆಂದು ಪೂಜೆಗೊಳ್ಳುವುದು ಬಿಲ್ಲಲ್ಲ, ಸುರಿಯ. ನೇಮದಲ್ಲಿ ಪಾತ್ರಿಯ ಕೈಯಲ್ಲಿ ಹೊಳೆಯುವುದೂ ಸುರಿಯವೇ. ಬೇಟೆಯಲ್ಲಿ ಅವರೂ ಬಿಲ್ಲು ಹಿಡಿದಿರಬಹುದು. ಜನರು ಮಾತ್ರ ಅವರ ಕೈಗೆ ಕೊಟ್ಟುದು ಎದುರಾಳಿಯ ಮುಖವನ್ನು ನೋಡುತ್ತ, ತೋಳಳತೆಯಲ್ಲಿ ನಿಂತು ಕಾದುವ ಆಯುಧವನ್ನು. ಬಿಲ್ಲಿನ ಹೆಸರಿನ ಕುಲದ ವೀರರು ಬಿಲ್ಲನ್ನು ಹಿಡಿದು ಪ್ರಸಿದ್ಧರಾದುದಲ್ಲ, ಬಾಣಕ್ಕೆ ಬಿದ್ದು ಪ್ರಸಿದ್ಧರಾದುದು.

ಕಥೆಯು ತುಳುನಾಡಿನಲ್ಲಿ ಯಾರಿಗೂ ಹೊಸದಲ್ಲ. ಆದರೂ ನಮ್ಮ ವಾಚಕರಲ್ಲಿ ಎಳೆಯರು ಇರುವುದರಿಂದ ಸಂಕ್ಷೇಪವಾಗಿ ಹೇಳುತ್ತೇವೆ. ಇಂದಿನ ಪುತ್ತೂರು ತಾಲೂಕಿನ ಬಡಗನ್ನೂರು ಗ್ರಾಮಕ್ಕೆ ಸೇರಿದ ಪಡುಮಲೆಯಲ್ಲಿ ಪೆರುಮಳ ಬಲ್ಲಾಳನು ಆಳುತ್ತಿದ್ದನು. ಬೇಟೆಗೆ ಹೋದಾಗ ಕಾಲಿಗೆ ನೆಟ್ಟ ಮುಳ್ಳು ಕೀವಾಗಿ, ಪ್ರಾಣಕ್ಕೆ ಬಂದ ಸಮಯದಲ್ಲಿ, ದೇಯಿ ಬೈದೆತಿಯು ಮದ್ದು ಕೊಟ್ಟು ಅವನನ್ನು ಬದುಕಿಸಿದಳು. ಆಕೆಯ ಅವಳಿ ಮಕ್ಕಳೇ ಕೋಟಿ ಮತ್ತು ಚೆನ್ನಯ. ತಾಯಿಯಿಲ್ಲದ ಕೂಸುಗಳನ್ನು ಮಾವನಾದ ಸಾಯನ ಬೈದ್ಯನು ಸಾಕಿದನು. ಬೆಳೆದ ಮೇಲೆ ಗದ್ದೆಯ ವಿಷಯದಲ್ಲಿ ಮಲ್ಲಯ್ಯ ಬುದ್ಯಂತನೊಡನೆ ಜಗಳ ಹುಟ್ಟಿ, ಅವನು ಇವರ ಕೈಯಿಂದ ಸತ್ತನು. ಬಲ್ಲಾಳನು ತಾಯಿಗೆ ಕೊಟ್ಟ ಮಾತನ್ನು ಮಕ್ಕಳಿಗೆ ಸಲ್ಲಿಸಲಿಲ್ಲ. ಅಣ್ಣತಮ್ಮಂದಿರು ಪಡುಮಲೆಯನ್ನು ಬಿಟ್ಟು ಪಂಜಕ್ಕೆ ಹೋದರು, ಅಲ್ಲಿ ಸೆರೆಗೆ ಬಿದ್ದು ತಪ್ಪಿಸಿಕೊಂಡರು, ಕೊನೆಗೆ ಎಣ್ಮೂರಿನ ಬಲ್ಲಾಳನ ಆಶ್ರಯವನ್ನು ಪಡೆದರು. ಪಂಜಕ್ಕೂ ಎಣ್ಮೂರಿಗೂ ಗಡಿಯಲ್ಲಿ ಬಿದ್ದ ಒಂದು ಕಾಡುಹಂದಿಯ ಮೇಲೆ ವ್ಯಾಜ್ಯವೆದ್ದು, ಅದು ಯುದ್ಧಕ್ಕೆ ಹೋಯಿತು. ಪಂಜದವರ ಪಕ್ಷದಲ್ಲಿ ಪಡುಮಲೆಯ ಬಲ್ಲಾಳನೂ ಬಂದನು.

ಆ ಯುದ್ಧದಲ್ಲಿ ಕೋಟಿಗೆ ಬಾಣವು ತಗಲಿತು. ಬಿಟ್ಟವನು ಪೆರುಮಳ ಬಲ್ಲಾಳನು. ವೃದ್ಧರು ಹೆಚ್ಚಾಗಿ ಹೇಳುವ ಪಾಠದಲ್ಲಿ ಅದು ಬೆನ್ನ ಕಡೆಯಿಂದ ಬಂದ ಬಾಣ. ಯಾವ ತಾಯಿಯ ಕೈಮದ್ದಿನಿಂದ ತನ್ನ ಕಾಲು ಉಳಿಯಿತೋ ಆ ತಾಯಿಯ ಮಗನ ಮೇಲೆ ಬಿಟ್ಟ ಬಾಣವದು. ಬಿಟ್ಟಮೇಲೆ ಬಲ್ಲಾಳನು ಮರುಗಿದನೆಂದೂ, ಸಾಯುವವನ ಬಳಿ ಬಂದು ನಿಂತನೆಂದೂ ಪಾಡ್ದನವು ಹೇಳುತ್ತದೆ. ಅಣ್ಣನಿಲ್ಲದ ಲೋಕವು ಬೇಡವೆಂದು ಚೆನ್ನಯನು ಕಲ್ಲಿಗೆ ತಲೆಯನ್ನು ಅಪ್ಪಳಿಸಿಕೊಂಡನು. ಎಣ್ಮೂರಿನ ಗರಡಿಗೆ ಆದಿ ಗರಡಿಯೆಂಬ ಗೌರವವು ಬಂದುದು ಇದರಿಂದಲೇ. ತುಳುನಾಡಿನ ತುಂಬ ಇರುವ ಗರಡಿಗಳಲ್ಲಿ ಈ ಇಬ್ಬರಿಗೆ ನೇಮ ನಡೆಯುತ್ತದೆ. ಯುದ್ಧದಲ್ಲಿ ಗೆದ್ದವರ ಹೆಸರಿಗೆ ನೇಮವಿಲ್ಲ.

ಕಬಕದ ಒಳಗಡೆಯ ಒಂದು ಮನೆಯಲ್ಲಿ, ಪ್ರಾಯದಲ್ಲಿ ನೇಜಿ ನೆಡುತ್ತ ಪಾಡ್ದನ ಹೇಳಿಕೊಡುತ್ತಿದ್ದ ಅಜ್ಜಿಯೊಬ್ಬರನ್ನು ನಾವು ಇದರ ವಿಷಯವಾಗಿ ಕೇಳಿದೆವು. ಬಲ್ಲಾಳನು ಗುರಿಗಾರನಾಗಿರಬೇಕಲ್ಲವೇ ಎಂದುದಕ್ಕೆ ಅವರು ನಕ್ಕು, "ಗುರಿ ಇಲ್ಲದೆ ತಾಗುತ್ತದೆಯೇ ಮಗಾ? ಒಳ್ಳೆಯ ಗುರಿಯೇ. ಆದರೆ ಹಾಡು ಹೇಳುವಾಗ ಆ ಸಾಲಿಗೆ ಬಂದರೆ ನಮ್ಮ ಕೈ ನಿಲ್ಲುತ್ತಿತ್ತು, ನೇಜಿ ಕೈಯಲ್ಲೇ ಉಳಿಯುತ್ತಿತ್ತು" ಎಂದರು. ಗದ್ದೆಯ ಒಡತಿ ಗದರಿಸಿದ ಮೇಲೆಯೇ ಮುಂದಿನ ಸಾಲು ನೆಡುತ್ತಿದ್ದರಂತೆ. ಬಿಲ್ಲಿನ ವಿಷಯವಾಗಿ ಇದಕ್ಕಿಂತ ಉತ್ತಮವಾದ ವಿಮರ್ಶೆಯನ್ನು ನಾವು ಯಾವ ಪುಸ್ತಕದಲ್ಲಿಯೂ ಕಂಡಿಲ್ಲ.

ಪಾಡ್ದನವನ್ನು ಬಿಟ್ಟು ತಾಳಮದ್ದಳೆಗೆ ಬಂದರೂ ಇದೇ ಪ್ರಶ್ನೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕಿರೀಟವಿಲ್ಲ, ಬಿಲ್ಲಂತೂ ಇಲ್ಲವೇ ಇಲ್ಲ. ಪಂಚೆಯುಟ್ಟು ಕುಳಿತ ಅರ್ಥಧಾರಿಗಳು ಇಬ್ಬರು. ಆದರೂ ವಾಲಿವಧೆಯಾಗುವ ರಾತ್ರಿ ಬಾಣವು ಸಭೆಯ ನಡುವೆ ಹಾದುಹೋಗುವಂತೆ ಭಾಸವಾಗುತ್ತದೆ. ಮರೆಯಲ್ಲಿ ನಿಂತು ಎಸೆದೆಯಲ್ಲಾ, ನಿನಗೂ ನನಗೂ ವೈರವೇನು ಎಂದು ವಾಲಿಯು ರಾಮನನ್ನು ಕೇಳುವ ಘಟ್ಟಕ್ಕಾಗಿಯೇ ಜನರು ಹತ್ತಾರು ಮೈಲಿ ನಡೆದು ಬರುತ್ತಿದ್ದರು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿ ಕುಳಿತರೆ ರಾಮನ ಅರ್ಥ ಹೇಳುವವರಿಗೆ ಎದೆಗುಂಡಿಗೆ ಗಟ್ಟಿ ಬೇಕಾಗಿತ್ತೆಂದು ಕೇಳಿದವರು ಇಂದಿಗೂ ಹೇಳುತ್ತಾರೆ. ಸುಳ್ಯದ ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯನವರ ಅರ್ಥವನ್ನು ಕೇಳಿದವರದೂ ಇಂತಹ ನೆನಪುಗಳೇ. ರಾಮನನ್ನು ದೇವರೆಂದು ಪೂಜಿಸುವ ಜನರೇ ರಾಮನ ಬಾಣಕ್ಕೆ ಕಾರಣ ಕೇಳುವ ವಾಲಿಯ ಮಾತಿಗೆ ತಲೆದೂಗಿದರು. ಇದರಲ್ಲಿ ಯಾರಿಗೂ ಅಪಚಾರವು ತೋರಲಿಲ್ಲ. ಶರಸೇತು ಬಂಧನದಲ್ಲಿಯೂ ಅಷ್ಟೆ. ಬಾಣಗಳಿಂದಲೇ ಸೇತುವೆ ಕಟ್ಟಬಲ್ಲೆನೆಂದ ಅರ್ಜುನನ ಹೆಮ್ಮೆಯನ್ನು ಮುದಿಕೋತಿಯ ರೂಪದ ಹನುಮಂತನು ಮುರಿಯುವುದನ್ನು ನೋಡಿ ನಮ್ಮ ಮುದುಕರಿಗೆ ಎಲ್ಲಿಲ್ಲದ ಸಂತೋಷ.

ಇಲ್ಲಿ ಒಂದು ಮಾತನ್ನು ಪ್ರಾಸಂಗಿಕವಾಗಿ ಹೇಳಬಹುದು. ಬಂಟವಾಳ ತಾಲೂಕಿನ ಕಾರಿಂಜ ಬೆಟ್ಟದ ಸ್ಥಳಪುರಾಣದಲ್ಲಿಯೂ ಅರ್ಜುನನು ಬಾಣ ಬಿಟ್ಟ ಹಂದಿಯ ಕಥೆಯಿದೆ. ಹಂದಿಯು ನಿನ್ನದೋ ನನ್ನದೋ ಎಂದು ಕಿರಾತನಿಗೂ ಅರ್ಜುನನಿಗೂ ಕಾದಾಟವಾದ ಕಥೆಯನ್ನು ಭಾರತವೇ ಹೇಳಿದೆ. ಪಂಜ-ಎಣ್ಮೂರುಗಳ ವ್ಯಾಜ್ಯಕ್ಕೂ ಹಂದಿಯೇ ಕಾರಣ. ಅಡಕೆ ತೋಟದ ಬೇಲಿಯನ್ನು ಹಂದಿಯು ಮುರಿದ ಮರುದಿನ ಎರಡು ಮನೆಗಳಲ್ಲಿ ನಡೆಯುವ ಮಾತುಕತೆಯನ್ನು ಕೇಳಿದವರಿಗೆ ಈ ಪುರಾಣಗಳು ಬಹಳ ಹಳೆಯವೆಂದು ತೋರಲಾರವು.

ಹಾಗಾದರೆ ನಿಜವಾದ ಬಿಲ್ಲು ಎಲ್ಲಿಗೆ ಹೋಯಿತು? ಯುದ್ಧದಲ್ಲಿ ಬಂದೂಕು ಅದರ ಸ್ಥಾನವನ್ನು ಹಿಡಿಯಿತೆಂಬುದು ನಿಜ. ಆದರೂ ಘಟ್ಟದ ನೆರೆಯ ವಯನಾಡಿನಲ್ಲಿ 1802ರಲ್ಲಿ ತಲಕ್ಕಲ್ ಚಂದುವಿನ ಮುಂದಾಳುತನದಲ್ಲಿ ಕುರಿಚ್ಯರು ಬಿಲ್ಲುಬಾಣಗಳೊಡನೆ ಪನಮರದ ಕಂಪೆನಿ ಕೋಟೆಯನ್ನೇ ಹಿಡಿದರು. ಕಂಪೆನಿಯ ಅನಂತರ ಬಂದ ಸರಕಾರಕ್ಕೆ ಇಂತಹವುಗಳ ನೆನಪು ಚೆನ್ನಾಗಿತ್ತೆಂದು ತೋರುತ್ತದೆ. ಲಾರ್ಡ್ ಲಿಟ್ಟನ್ನನ ಕಾಲದ 1878ರ ಆಯುಧ ಕಾಯಿದೆಯಲ್ಲಿ ಆಯುಧವೆಂಬ ಶಬ್ದದ ಅರ್ಥವನ್ನು ಹೇಳುವಾಗ ಬಂದೂಕು, ಕತ್ತಿ, ಕಠಾರಿ, ಭರ್ಜಿಗಳ ಸಾಲಿನಲ್ಲಿ ಬಿಲ್ಲುಬಾಣಗಳನ್ನೂ ಬರೆದಿಟ್ಟರು. ಪರವಾನಗಿಯಿಲ್ಲದೆ ಅವುಗಳನ್ನು ಧರಿಸಿ ನಡೆಯುವುದು ಅಪರಾಧವಾಯಿತು. ನೆರೆಯ ಕೊಡಗರಿಗೆ ವಿನಾಯಿತಿ ದೊರೆಯಿತು. ಘಟ್ಟದ ಕೆಳಗಿನ ನಮಗೆ ದೊರೆಯಲಿಲ್ಲ. ತೋಪು ಫಿರಂಗಿಗಳಿಂದ ನಾಡನ್ನಾಳಿದವರು ಬೆತ್ತಕ್ಕೂ ನಾರಿಗೂ ಹೆದರಿದರೆಂಬುದನ್ನು ನೆನೆದರೆ ನಗು ಬರುತ್ತದೆ. ಆದರೆ ಬೇಟೆಯ ದಾರಿಯಲ್ಲಿ ಪೋಲೀಸಿನವನನ್ನು ಕಂಡ ಬಡವನಿಗೆ ಅದು ನಗುವಿನ ವಿಷಯವಾಗಿರಲಾರದು. 1930ರ ಜನವರಿಯಲ್ಲಿ ಗಾಂಧೀಜಿಯವರು ಸರಕಾರದ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಆತ್ಮರಕ್ಷಣೆಗಾಗಿ ಆಯುಧದ ಪರವಾನಗಿಯೂ ಒಂದಾಗಿತ್ತು. ಅಹಿಂಸೆಯ ಗುರುವೇ ಅದನ್ನು ಕೇಳಬೇಕಾಯಿತು! ಹಳೆಯ ಕಾಯಿದೆಯು ಹೋಗಿ 1959ರಲ್ಲಿ ಸ್ವತಂತ್ರ ಭಾರತದ ಕಾಯಿದೆಯು ಬಂತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ಬೇಟೆಯ ಮಾತೂ ನಿಂತಿತು. ಹೀಗಾಗಿ ಬಿಲ್ಲು ಕೈಯಿಂದ ಇಳಿದು ಬಾಯಿಗೆ ಸೇರಿತು.

ಬಾಯಿಯಲ್ಲಿ ಉಳಿದುದಕ್ಕೆ ಅಪಾಯವು ಬೇರೆ ತೆರನಾದುದು. ಭೂತಾನವು ಬಿಲ್ವಿದ್ಯೆಯನ್ನು ರಾಷ್ಟ್ರಕ್ರೀಡೆಯಾಗಿ ಇಟ್ಟುಕೊಂಡಿದೆ. ತುರ್ಕಿಯವರ ಸಾಂಪ್ರದಾಯಿಕ ಬಿಲ್ವಿದ್ಯೆಯು 2019ರಲ್ಲಿ ಯುನೆಸ್ಕೋದ ಪಟ್ಟಿಗೆ ಸೇರಿತು. ಅವರಲ್ಲಿ ಬಿಲ್ಲಿದೆ, ಬಾಣವಿದೆ, ಗುರಿಹಲಗೆಯಿದೆ. ನಮ್ಮಲ್ಲಿರುವುದು ಹಾಡು ಮಾತ್ರ. ಹಾಡುವವರು ಹೋದರೆ ತೋರಿಸಲು ಕಡ್ಡಿಯೂ ಇಲ್ಲ. ಯಾರೂ ಏನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. ಮ್ಯಾನರ್ ಪಾದ್ರಿಯು ಸಂಗ್ರಹಿಸಿದ ಪಾಡ್ದನಗಳನ್ನು 1886ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನವರು ಅಚ್ಚುಹಾಕಿದರು. ಬರ್ನೆಲ್ಲನ ಸಂಗ್ರಹವು ಅವನು ತೀರಿಕೊಂಡ ಮೇಲೆ 1894ರಿಂದ ಇಂಗ್ಲಿಷಿನಲ್ಲಿ ಹೊರಬಂತು. ಪಂಜೆ ಮಂಗೇಶರಾಯರು 1924ರಲ್ಲಿ ಕೋಟಿ ಚೆನ್ನಯರನ್ನು ಕನ್ನಡಕ್ಕೆ ತಂದರು. 1973ರಲ್ಲಿ ಅದು ತುಳು ಚಲನಚಿತ್ರವೂ ಆಯಿತು. ಇವೆಲ್ಲವೂ ವಂದನೀಯವೇ.

ಆದರೆ ಅಚ್ಚಾದುದೇ ಏಕಮಾತ್ರ ಪಾಠವೆಂದು ತಿಳಿಯುವ ಅಭ್ಯಾಸವೂ ಜೊತೆಗೇ ಬೆಳೆಯಿತು. ಪಡುಮಲೆಯ ಕಡೆಯ ಹಾಡು, ಎಣ್ಮೂರಿನ ಕಡೆಯ ಹಾಡು, ಪಂಜದವರ ಹಾಡು ಒಂದೇ ಅಲ್ಲ. ಬಾಣವು ಬಂದ ದಿಕ್ಕು, ಬಲ್ಲಾಳನ ಪಶ್ಚಾತ್ತಾಪದ ಅಳತೆ, ಕೋಟಿಯ ಕೊನೆಯ ಮಾತು ಇವುಗಳಲ್ಲಿಯೇ ಭೇದವಿರುವುದು. ಯಾವ ಊರಿನವರು ಬಲ್ಲಾಳನನ್ನು ಎಷ್ಟು ಕ್ಷಮಿಸಿದರೆಂಬುದು ಅದರಿಂದ ತಿಳಿಯುತ್ತದೆ. ಈಚೆಗೆ ಮೆರವಣಿಗೆಯ ಸ್ತಬ್ಧಚಿತ್ರಗಳಲ್ಲಿ ಸುರಿಯವನ್ನೆತ್ತಿ ನಿಂತ ವೀರರನ್ನು ಮಾತ್ರ ತೋರಿಸುತ್ತಾರೆ. ಬೆನ್ನ ಬಾಣವನ್ನೂ ಮುಳ್ಳು ತೆಗೆದ ತಾಯಿಯನ್ನೂ ಬಿಡುತ್ತಾರೆ. ಬಾಣವನ್ನು ಬಿಟ್ಟ ಮೇಲೆ ಉಳಿಯುವುದು ದೇಹದಾರ್ಢ್ಯದ ಪ್ರದರ್ಶನವೇ ಹೊರತು ಆ ಕಥೆಯಲ್ಲ.

ಏಣೆಲು ಗದ್ದೆಗಳು ಹೆಚ್ಚುಕಡಿಮೆ ಎಲ್ಲವೂ ಅಡಕೆ ತೋಟಗಳಾಗಿವೆ. ನೇಜಿ ನೆಡುವ ಸಾಲಿಲ್ಲದ ಮೇಲೆ ಸಾಲಿನ ಹಾಡು ಕಲಿಯುವವರು ಯಾರು? ಗದ್ದೆಯನ್ನು ಹಿಂದಕ್ಕೆ ತರಿಸಿರೆಂದು ತೋಟದವರಿಗೆ ಹೇಳುವುದು ವ್ಯರ್ಥವೆಂಬುದನ್ನು ನಾವು ಬಲ್ಲೆವು. ಹಾಡನ್ನು ಕಲಿತವರು ಇನ್ನೂ ಕೆಲವರು ಜಗಲಿಗಳಲ್ಲಿ ಕುಳಿತಿದ್ದಾರೆ. ದನಿಯನ್ನು ಹಿಡಿದಿಡುವ ಯಂತ್ರವು ಈಗ ಪ್ರತಿಯೊಬ್ಬ ವಿದ್ಯಾರ್ಥಿಯ ಕಿಸೆಯಲ್ಲಿದೆ. ಕಬಕ, ಪುತ್ತೂರು, ಸುಳ್ಯ, ಕಡಬಗಳ ಪ್ರೌಢಶಾಲೆಗಳ ಉಪಾಧ್ಯಾಯರು ಮುಂಬರುವ ರಜೆಯಲ್ಲಿ ಮಕ್ಕಳನ್ನು ತಮ್ಮ ತಮ್ಮ ಅಜ್ಜಿಯರ ಬಳಿಗೆ ಕಳುಹಿಸಬೇಕೆಂದು ಬೇಡುತ್ತೇವೆ. ಹಾಡು ಪೂರ್ತಿಯಾಗಿ ಬಾರದಿದ್ದರೂ ಚಿಂತೆಯಿಲ್ಲ. ಅಜ್ಜಿಯ ಹೆಸರು, ಹಾಡು ಕಲಿತ ಊರು, ಕಲಿಸಿದವರು ಇಷ್ಟನ್ನು ಮೊದಲು ಬರೆದುಕೊಳ್ಳಲಿ. ಆಮೇಲೆ ಬಾಣವು ಯಾವ ಕಡೆಯಿಂದ ಬಂತೆಂದು ಕೇಳಲಿ. ಮುದುಕಿಯರು ತಾವಾಗಿಯೇ ಮುಂದರಿಸುವರು.