ತುಕ್ಕು ಹಿಡಿದ ಬೋಲ್ಟಿನ ಮುಂದೆ

ಮಲ್ಪೆಯ ಬಂದರಿನಿಂದ ಮಂಜುಗಡ್ಡೆಯ ನಡುವೆ ಮೀನು ಹೇರಿಕೊಂಡು ಘಟ್ಟವೇರುವ ಲಾರಿಗಳ ಅಡಿಭಾಗವನ್ನು ಒಮ್ಮೆ ಬಗ್ಗಿ ನೋಡಿದವರಿಗೆ, ಕಬ್ಬಿಣಕ್ಕೂ ಉಪ್ಪುನೀರಿಗೂ ಇರುವ ಹಗೆತನವನ್ನು ಬೇರೆಯಾಗಿ ವಿವರಿಸಬೇಕಾದುದಿಲ್ಲ. ಸ್ಪ್ರಿಂಗ್ ಪ್ಲೇಟುಗಳ ಕಟ್ಟನ್ನು ಆ್ಯಕ್ಸಲಿಗೆ ಬಿಗಿದಿರುವ ಯು-ಬೋಲ್ಟುಗಳ ಮೇಲೆ ವರ್ಷಾವಧಿ ತೊಟ್ಟಿಕ್ಕಿದ ಆ ನೀರು, ನಟ್ಟು ಯಾವುದು, ಬೋಲ್ಟು ಯಾವುದು ಎಂಬ ಭೇದವನ್ನೇ ಅಳಿಸಿಬಿಟ್ಟಿರುತ್ತದೆ.

ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಅಧಿಕ ಸ್ಥಳವನ್ನು ಆಕ್ರಮಿಸತಕ್ಕ ವಸ್ತು. ನಟ್ಟುಬೋಲ್ಟುಗಳ ತಿರುಪಿನ ಗೆರೆಗಳ, ಅಂದರೆ ಮರೆಸುತ್ತುಗಳ, ಸೂಕ್ಷ್ಮವಾದ ಸಂದಿನಲ್ಲಿ ಹಿಗ್ಗಲು ಎಡೆ ದೊರೆಯದೆ ಅದು ಬೆಣೆಯಂತೆ ಕಚ್ಚಿಕೊಳ್ಳುತ್ತದೆ. ಆದರೆ ಈ ಹಿಡಿತ ಎಷ್ಟು ಬಲವಾದುದೋ ಅಷ್ಟೇ ಪೆಡಸಾದುದು. ಎಳೆತಕ್ಕೆ ಜಗ್ಗದ ಅದು ಪೆಟ್ಟಿಗೆ ಪುಡಿಯಾಗುತ್ತದೆ. ಸಲಕರಣೆಯ ಆಯ್ಕೆಯೆಲ್ಲವೂ ಈ ಒಂದು ಗುಣವನ್ನು ಅವಲಂಬಿಸಿದೆಯೆಂದು ನನ್ನ ಅಭಿಪ್ರಾಯ.

ನಮ್ಮ ಗ್ಯಾರೇಜುಗಳಲ್ಲಿ ಮೊದಲು ಕೈಗೆ ಬರುವುದು ಸ್ಪ್ಯಾನರಿನ ಹಿಡಿಗೆ ತೊಡಿಸುವ ಉದ್ದನೆಯ ಪೈಪು. ಒಂದು ಮೀಟರ್ ಉದ್ದದ ಪೈಪಿನ ತುದಿಯಲ್ಲಿ 60 ಕಿಲೋ ತೂಕದ ಆಳು ನೇತುಬಿದ್ದರೆ ನಟ್ಟಿನ ಮೇಲೆ ಬೀಳುವ ತಿರುಚುಬಲ ಸುಮಾರು 600 ನ್ಯೂಟನ್-ಮೀಟರ್. ಭಾರೀ ಲಾರಿಗಳ ಚಕ್ರದ ನಟ್ಟುಗಳನ್ನು ಬಿಗಿಯುವುದೇ ಹೆಚ್ಚುಕಡಮೆ ಅಷ್ಟು ಬಲದಿಂದ. ತುಕ್ಕು ಸೇರಿದ ಮೇಲೆ ಇದು ಸಾಲದು. ಆಗ ಇನ್ನೊಬ್ಬನು ಪೈಪಿನ ಮೇಲೆ ಹತ್ತಿ ನಿಲ್ಲುತ್ತಾನೆ, ಬೋಲ್ಟು ತುಂಡಾಗುತ್ತದೆ, ಇಲ್ಲವೇ ಸ್ಪ್ಯಾನರ್ ಜಾರಿ ಇಬ್ಬರೂ ನೆಲಕ್ಕೆ ಬೀಳುತ್ತಾರೆ. ಒಳಗೆ ಹಲ್ಲುಚಕ್ರಗಳನ್ನು ಅಡಗಿಸಿಕೊಂಡು ಒಂಟಿ ಆಳಿನ ಬಲವನ್ನು ಹಲವು ಪಟ್ಟು ಹೆಚ್ಚಿಸುವ ಕೈಯಂತ್ರವೂ ಸೊಗಸಾದುದೇ ಆದರೂ, ಅದರ ಎಳೆತವೂ ಒಂದೇ ಸಮನಾದುದರಿಂದ ಅದು ಪೈಪಿನ ವಂಶಕ್ಕೇ ಸೇರಿದ್ದು.

ಆದುದರಿಂದ ಮೊದಲು ಕಬ್ಬಿಣದ ಬ್ರಷ್ಷಿನಿಂದ ಮರೆಗಳನ್ನು ಉಜ್ಜಿ, ತುಕ್ಕು ಬಿಡಿಸುವ ತೈಲವನ್ನು ಹನಿಸಿ, ರಾತ್ರಿಯೆಲ್ಲ ಹಾಗೆಯೇ ಬಿಡತಕ್ಕದ್ದು. ಬಳಿಕ ಸುತ್ತಿಗೆಯಿಂದ ನಟ್ಟಿನ ಮಗ್ಗುಲುಗಳಿಗೆ ಪೆಟ್ಟುಕೊಟ್ಟರೆ ತೈಲ ಒಳಕ್ಕಿಳಿಯಲು ದಾರಿಯಾಗುವುದು. ಇನ್ನು ಸಾಕೆಟ್ಟು ಆರು ಮೂಲೆಯದೇ ಆಗಿರಬೇಕು. ಹನ್ನೆರಡು ಮೂಲೆಯದು ತುಕ್ಕಿನಿಂದ ಸವೆದ ನಟ್ಟಿನ ಅಂಚುಗಳನ್ನು ಉರುಟುಮಾಡಿಬಿಡುವುದು. ಅನಂತರ ಗಾಳಿಯಿಂದ ನಡೆಯುವ ಇಂಪ್ಯಾಕ್ಟ್ ಗನ್ನು: ಎಳೆಯುವ ಬದಲು ಪೆಟ್ಟಿನ ಮೇಲೆ ಪೆಟ್ಟು ಹಾಕುವ ಈ ಸಾಧನವನ್ನು ಮೊದಲು ತುಸು ಬಿಗಿಯುವ ಕಡೆಗೂ, ಆಮೇಲೆ ಸಡಿಲಿಸುವ ಕಡೆಗೂ ತಿರುಗಿಸಿದರೆ ಎಷ್ಟೋ ಹಟಮಾರಿ ನಟ್ಟುಗಳು ಮಣಿಯುವುದುಂಟು. ಕೆಲವು ಹಳೆಯ ಲಾರಿಗಳಲ್ಲಿ ಎಡಗಡೆಯ ಚಕ್ರಗಳ ನಟ್ಟುಗಳಿಗೆ ಎಡಮರೆಯಿರುತ್ತದೆಂಬುದನ್ನು ಮರೆತು, ಸಡಿಲಿಸುತ್ತೇನೆಂದು ಬಿಗಿಯುತ್ತಲೇ ಹೋಗುವ ಪರಾಕ್ರಮಿಗಳೂ ಇಲ್ಲದಿಲ್ಲ.

ಕೊನೆಯ ಉಪಾಯ ಬೆಂಕಿ. 22 ಮಿಲಿಮೀಟರ್ ಒಳವ್ಯಾಸದ ಉಕ್ಕಿನ ನಟ್ಟನ್ನು 300 ಡಿಗ್ರಿಯಷ್ಟು ಕಾಯಿಸಿದರೆ ಅದರ ಕಂಡಿ ಹಿಗ್ಗುವುದು ಮಿಲಿಮೀಟರಿನ ಹನ್ನೆರಡನೆಯ ಒಂದು ಪಾಲಿನಷ್ಟು ಮಾತ್ರ. ಆದರೂ ತುಕ್ಕಿನ ಪದರ ಬಿರಿಯಲು ಅಷ್ಟು ಸಾಕು. ಗಾಳಿ ತುಂಬಿದ ಟಯರು ಸಿಡಿದು ಪ್ರಾಣವನ್ನೇ ತೆಗೆಯಬಹುದಾದುದರಿಂದ ಚಕ್ರದ ನಟ್ಟಿನ ಹತ್ತಿರಕ್ಕೆ ಮಾತ್ರ ಜ್ವಾಲೆಯನ್ನು ಒಯ್ಯಕೂಡದು.

ಯು-ಬೋಲ್ಟುಗಳ ವಿಷಯದಲ್ಲಿ ಇಷ್ಟು ಶ್ರಮವೂ ಅನವಶ್ಯಕವೆಂದೇ ಹೇಳಬೇಕು. ಒಮ್ಮೆ ಬಿಗಿದು ಹಿಗ್ಗಿದ ಯು-ಬೋಲ್ಟನ್ನು ಮತ್ತೆ ತೊಡಿಸುವುದು ಹೇಗೂ ಸಲ್ಲದು. ಮಾಲೀಕನು ಹೊಸದರ ಬೆಲೆ ಕೇಳಿ ಗೊಣಗಿದರೂ ಸರಿಯೆ, ಪ್ಲೇಟುಗಳಿಗೆ ಕಾವು ತಗಲದಂತೆ ಗ್ರೈಂಡರಿನಿಂದ ಅದನ್ನು ಕತ್ತರಿಸಿ ಗುಜರಿಗೆ ಹಾಕುವುದೇ ಲೇಸು.