ಅಳತೆ ಟೇಪು ಮೊದಲು, ಟಿಕೆಟ್ ಆಮೇಲೆ

ಅರಸೀಕೆರೆ ಜಂಕ್ಷನ್‌ನಿಂದ ರೈಲು ದಾರಿಯಲ್ಲಿ ಬೆಂಗಳೂರು 166 ಕಿ.ಮೀ. ಹಾಸನದ ಮೇಲೆ ಹೋದರೆ ಮೈಸೂರು ಕೂಡ ಹೆಚ್ಚುಕಡಿಮೆ ಅಷ್ಟೇ ದೂರ. ಬೇಸಿಗೆ ರಜೆ ಬಂತೆಂದರೆ ಈ ಭಾಗದ ಅಪ್ಪ ಅಮ್ಮಂದಿರು ಈ ಎರಡು ದಿಕ್ಕಿನ ನಡುವೆ ತೂಗಾಡುತ್ತಾರೆ. ಮೈಸೂರಿನ ಕಡೆ ಕೆಆರ್‌ಎಸ್ ರಸ್ತೆಯ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಇದೆ. ಬೆಂಗಳೂರಿನ ಕಡೆ ಬಿಡದಿ ಹತ್ತಿರ ವಂಡರ್‌ಲಾ: 2005ರಲ್ಲಿ ಶುರುವಾದದ್ದು, 82 ಎಕರೆ, 60ಕ್ಕೂ ಹೆಚ್ಚು ರೈಡ್. ಮಕ್ಕಳ ಬಾಯಲ್ಲಿ ಮೊದಲು ಬರುವ ಹೆಸರು ವಂಡರ್‌ಲಾದ್ದೇ. ಹಾಗಾಗಿ ಲೆಕ್ಕವನ್ನೂ ಅದಕ್ಕೇ ಹಾಕೋಣ.

ಲೆಕ್ಕಕ್ಕೊಂದು ಸಂಸಾರ ಬೇಕು. ಗಂಡ, ಹೆಂಡತಿ, ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ. ಅರಸೀಕೆರೆ ಪೇಟೆಯಲ್ಲಿ ಮನೆ.

ಟಿಕೆಟ್ ದರ ದಿನಕ್ಕೊಂದು ತರಹ. ಶನಿವಾರ, ಭಾನುವಾರ, ಸರ್ಕಾರಿ ರಜೆಯ ದಿನ ಏರುತ್ತದೆ. ಆನ್‌ಲೈನ್‌ನಲ್ಲಿ ಮುಂಚೆ ಕೊಂಡರೆ ಒಂದಿಷ್ಟು ಇಳಿಯುತ್ತದೆ. ಅದಕ್ಕೇ ಇಲ್ಲಿ ದೊಡ್ಡವರಿಗೆ 1,500, ಮಕ್ಕಳಿಗೆ 1,200 ರೂಪಾಯಿ ಎಂದು ಅಂದಾಜಿಗೆ ಹಿಡಿದಿದ್ದೇನೆ. ನೀವು ಹೋಗುವ ದಿನದ ದರವನ್ನು ಆ ಜಾಗಕ್ಕೆ ಹಾಕಿಕೊಳ್ಳಿ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಸೇರಿ 5,400 ರೂಪಾಯಿ. ಅಮ್ಯೂಸ್‌ಮೆಂಟ್ ಪಾರ್ಕ್ ಪ್ರವೇಶದ ಮೇಲಿನ ಜಿಎಸ್‌ಟಿ ಮೊದಲು ಶೇ 28 ಇತ್ತು, 2018ರ ಜನವರಿಯಲ್ಲಿ ಶೇ 18ಕ್ಕೆ ಇಳಿಯಿತು. ಆ ಪ್ರಕಾರ 5,400ರಲ್ಲಿ ಸುಮಾರು 824 ರೂಪಾಯಿ ತೆರಿಗೆಯೇ ಆಯಿತು. ರೈಡ್ ಹತ್ತಿದರೂ ಅಷ್ಟೇ, ಹತ್ತದಿದ್ದರೂ ಅಷ್ಟೇ.

ಇನ್ನು ಪ್ರಯಾಣ. ರಸ್ತೆಯಲ್ಲಿ ಹೋಗಿಬರಲು 370 ಕಿ.ಮೀ. ಎಂದುಕೊಳ್ಳಿ. ಲೀಟರಿಗೆ 16 ಕಿ.ಮೀ. ಕೊಡುವ ಸ್ವಂತ ಕಾರಿಗೆ 23 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 103 ರೂಪಾಯಿಯಂತೆ 2,400. ಟೋಲು, ಪಾರ್ಕಿಂಗ್ ಸೇರಿ 400. ನೀರಿನ ಆಟಕ್ಕೆ ಹತ್ತಿಬಟ್ಟೆ, ಸೀರೆ, ಚೂಡಿದಾರ ನಡೆಯುವುದಿಲ್ಲ. ನೈಲಾನ್ ಉಡುಪೇ ಬೇಕು. ನಾಲ್ವರಿಗೆ 1,200. ಲಾಕರ್‌ಗೆ 200. ಹೊರಗಿನ ಊಟ ಒಳಗೆ ಬಿಡುವುದಿಲ್ಲವಾದ್ದರಿಂದ ಬೆಳಗಿನ ಜಾವ ಎದ್ದು ಕಲಸಿದ ಪುಳಿಯೋಗರೆಯನ್ನು ದಾರಿಯಲ್ಲೇ ಮುಗಿಸಬೇಕು. ಒಳಗಿನ ಊಟ, ಸಂಜೆಯ ತಿಂಡಿ, ಐಸ್‌ಕ್ರೀಮು ಕೂಡಿ 1,400. ಎಲ್ಲ ಸೇರಿ 11,000 ರೂಪಾಯಿ.

ಬಸ್ಸಿನಲ್ಲಿ ಹೋದರೆ ಉಳಿಯುತ್ತದಲ್ಲ ಎನ್ನುತ್ತೀರಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಅಮ್ಮನಿಗೂ ಮಗಳಿಗೂ ಶೂನ್ಯ ಟಿಕೆಟ್, ಮಗನಿಗೆ ಇನ್ನೂ ಆರು ತುಂಬಿಲ್ಲ, ಟಿಕೆಟ್ ಇಲ್ಲ. ನಾಲ್ವರಲ್ಲಿ ದುಡ್ಡು ಕೊಡುವವರು ಅಪ್ಪ ಒಬ್ಬರೇ. 2025ರ ಜನವರಿ 5ರಂದು ಶೇ 15ರಷ್ಟು ಏರಿದ ದರದಲ್ಲೂ ಅವರೊಬ್ಬರ ಹೋಗಿಬರುವ ಖರ್ಚು 440ರ ಆಸುಪಾಸು. ಮೆಜೆಸ್ಟಿಕ್‌ನಿಂದ ಬಿಎಂಟಿಸಿಗೆ 100 ಇರಲಿ. ಆದರೆ ಪಾರ್ಕ್ ಬೆಳಿಗ್ಗೆ 11ಕ್ಕೆ ತೆರೆದು ವಾರದ ದಿನಗಳಲ್ಲಿ ಸಂಜೆ 6ಕ್ಕೆ ಮುಚ್ಚುತ್ತದೆ. ಒದ್ದೆ ತಲೆಯ, ನಿದ್ದೆಗಣ್ಣಿನ ಎರಡು ಮಕ್ಕಳನ್ನು ಎತ್ತಿಕೊಂಡು ಮೆಜೆಸ್ಟಿಕ್ ಸೇರಿ, ಅಲ್ಲಿಂದ ಅರಸೀಕೆರೆ ಮುಟ್ಟುವಾಗ ನಡುರಾತ್ರಿ. ಒಂದು ರಾತ್ರಿ ಲಾಡ್ಜ್ ಹಿಡಿಯಲೇಬೇಕು: 1,800. ಎರಡು ಹೊತ್ತಿನ ಹೆಚ್ಚುವರಿ ಊಟ ತಿಂಡಿ: 600. ಟಿಕೆಟ್ 5,400, ಒಳಗಿನ ಊಟ 1,400, ಉಡುಪು ಮತ್ತು ಲಾಕರ್ 1,400 ಕೂಡಿಸಿ ನೋಡಿ: 11,140. ಕಾರಿಗಿಂತ 140 ರೂಪಾಯಿ ಜಾಸ್ತಿ! ಶಕ್ತಿಯಿಂದ ಉಳಿದದ್ದನ್ನು ಲಾಡ್ಜು ನುಂಗಿತು. ಬೆಂಗಳೂರಿನಲ್ಲಿ ಅತ್ತೆ ಮನೆಯೋ ಚಿಕ್ಕಮ್ಮನ ಮನೆಯೋ ಇದ್ದವರಿಗೆ ಮಾತ್ರ ಬಸ್ಸು ಲಾಭ. ರೈಲಿನಲ್ಲೂ ಕಥೆ ಇದೇ. ಸೆಕೆಂಡ್ ಕ್ಲಾಸ್ ಟಿಕೆಟ್ ತಲೆಗೆ ನೂರು ರೂಪಾಯಿಯೊಳಗೆ ಮುಗಿದರೂ ರಾತ್ರಿಯ ವಾಸ ತಪ್ಪದು.

ಕೊಬ್ಬರಿ ಸೀಮೆಯವರಿಗೆ 11,000ವನ್ನು ಕೊಬ್ಬರಿಯಲ್ಲೇ ಹೇಳಿಬಿಡುವುದು ಒಳ್ಳೆಯದು. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,100 ರೂಪಾಯಿ ಬೆಂಬಲ ಬೆಲೆ ನಿಗದಿ ಮಾಡಿತ್ತು, ಅಂದರೆ ಕೆ.ಜಿ.ಗೆ 121. ಒಂದು ದಿನದ ಪಾರ್ಕಿಗೆ 91 ಕೆ.ಜಿ. ಉಂಡೆ ಬೇಕು. ಮಾರುಕಟ್ಟೆ ಬೆಲೆ ಬೆಂಬಲ ಬೆಲೆಗಿಂತ ಮೇಲಿದ್ದಾಗ ತೂಕ ಕಡಿಮೆ ಸಾಕು ಎಂಬುದು ಬೇರೆ ಮಾತು.

ಇಷ್ಟು ಕೊಟ್ಟು ಸಿಗುವುದೆಷ್ಟು? ಜಾಹೀರಾತಿನ 60 ರೈಡನ್ನು ಮರೆತುಬಿಡಿ. 11ರಿಂದ 6ರವರೆಗೆ ಏಳು ಗಂಟೆ, ಅಂದರೆ 420 ನಿಮಿಷ. ಊಟ, ಬಟ್ಟೆ ಬದಲಾವಣೆ, ಶೌಚಾಲಯ, ‘ಅಮ್ಮಾ ನೀರು’ ಇವಕ್ಕೆ 120 ನಿಮಿಷ ಕಳೆಯಿರಿ. ಉಳಿದದ್ದು 300. ರಜೆಯ ಜನಜಂಗುಳಿಯಲ್ಲಿ ಸಾಲು, ಹತ್ತುವುದು, ಇಳಿಯುವುದು ಸೇರಿ ಒಂದು ರೈಡಿಗೆ ಅರ್ಧ ಗಂಟೆ ಹಿಡಿದರೆ ಹತ್ತು ರೈಡ್. ಒಂದೊಂದು ಮೂರು ನಿಮಿಷದ್ದಾದರೆ ನಿಜವಾಗಿ ಆಡಿದ್ದು ಒಟ್ಟು 30 ನಿಮಿಷ. ಸಂಸಾರಕ್ಕೆ ರೈಡೊಂದಕ್ಕೆ 540 ರೂಪಾಯಿ ಬಿತ್ತು. ಟಿಕೆಟ್ ಹಣವನ್ನು 420 ನಿಮಿಷಕ್ಕೆ ಹಂಚಿದರೆ ನಿಮಿಷಕ್ಕೆ 12 ರೂಪಾಯಿ 86 ಪೈಸೆ. ಅರ್ಧ ಗಂಟೆ ಸಾಲಿನಲ್ಲಿ ನಿಂತ ಬೆಲೆ 386. ಅದೇ ಮಂಗಳವಾರವೋ ಬುಧವಾರವೋ, ಶಾಲೆ ನಡೆಯುವ ತಿಂಗಳಲ್ಲಿ ಹೋಗಿ ಕಾಯುವಿಕೆ ಅರ್ಧಕ್ಕೆ ಇಳಿದರೆ 20 ರೈಡ್, ಒಂದಕ್ಕೆ 270. ರಾಜ್ಯದ ಶಾಲೆಗಳ ಬೇಸಿಗೆ ರಜೆ ಏಪ್ರಿಲ್ 11ರಿಂದ ಮೇ 28ರವರೆಗೆ. ಆ ಏಳು ವಾರದಲ್ಲಿ ಹೋಗುವವರು ಎಲ್ಲರೂ ಹೋಗುವ ದಿನವೇ ಹೋಗುತ್ತಾರೆ. ಮಗಳಿಗೆ ಒಂದು ದಿನ ಶಾಲೆ ತಪ್ಪಿಸಿ ಎಂದು ನಾನು ಬರೆಯಬಾರದು; ಲೆಕ್ಕ ಮಾತ್ರ ಹಾಗೇ ಹೇಳುತ್ತದೆ.

ಈ ಎಲ್ಲ ಅಂಕಿಗಳನ್ನೂ ಮಗುವಿನ ಎತ್ತರ ಬುಡಮೇಲು ಮಾಡುತ್ತದೆ. ಒಂದೇ ಮಗುವಿಗೆ ಒಂದೇ ದಿನ ನಾಲ್ಕು ಕಾನೂನು. ರೈಲಿನಲ್ಲಿ ಐದು ವರ್ಷದೊಳಗೆ ಟಿಕೆಟ್ ಇಲ್ಲ. ಐದರಿಂದ ಹನ್ನೆರಡರವರೆಗೆ ಅರ್ಧ, ಆದರೆ ಕಾಯ್ದಿರಿಸಿದ ಬೋಗಿಯಲ್ಲಿ ಪ್ರತ್ಯೇಕ ಬರ್ತ್ ಬೇಕೆಂದರೆ 2016ರ ಏಪ್ರಿಲ್‌ನಿಂದ ಪೂರ್ತಿ ದರ. ಬಸ್ಸಿನಲ್ಲಿ ಆರು ವರ್ಷ. ನಮ್ಮ ಮೆಟ್ರೊ ವಯಸ್ಸು ಕೇಳುವುದಿಲ್ಲ, ಮೂರು ಅಡಿ ಎತ್ತರ ಕೇಳುತ್ತದೆ, ಅಂದರೆ 91 ಸೆಂ.ಮೀ. ವಂಡರ್‌ಲಾದಲ್ಲಿ 85 ಸೆಂ.ಮೀ.ಗಿಂತ ಕೆಳಗಿದ್ದರೆ ಉಚಿತ, 85ರಿಂದ 140ರವರೆಗೆ ಮಕ್ಕಳ ಟಿಕೆಟ್, ಆಮೇಲೆ ದೊಡ್ಡವರ ಟಿಕೆಟ್.

85 ಸೆಂ.ಮೀ. ಎಂದರೆ ಯಾವ ವಯಸ್ಸು? ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯಲ್ಲಿ ಎರಡು ತುಂಬಿದ ಹುಡುಗಿಯ ನಡುಮಟ್ಟದ ಎತ್ತರ 85.7 ಸೆಂ.ಮೀ., ಹುಡುಗನದು 87.1. ಎರಡು ವರ್ಷ ದಾಟಿತೆಂದರೆ ಉಚಿತವೂ ಮುಗಿಯಿತು. ನಮ್ಮ ಲೆಕ್ಕದ ನಾಲ್ಕು ವರ್ಷದ ಹುಡುಗ 103 ಸೆಂ.ಮೀ. ಇದ್ದಾನು, ಮಗಳು 121. ಹುಡುಗನಿಗೆ ಬಸ್ಸು ಉಚಿತ, ರೈಲು ಉಚಿತ, ಪಾರ್ಕಿಗೆ 1,200. ಎದೆ ನಡುಗಿಸುವ ದೊಡ್ಡ ರೈಡ್‌ಗಳ ಬಾಗಿಲಲ್ಲಿ ಎತ್ತರದ ಕಂಬ ನಿಲ್ಲಿಸಿರುತ್ತಾರೆ. ಇಂಥ ಪಾರ್ಕ್‌ಗಳಲ್ಲಿ 120ರಿಂದ 140 ಸೆಂ.ಮೀ. ಸಾಮಾನ್ಯ ಮಿತಿ. ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತ ಮೇಲೆ ಅಲ್ಲಿಂದ ವಾಪಸು ಕಳಿಸಿದಾಗ ಹುಡುಗ ತೆಗೆಯುವ ರಾಗ ಟಿಕೆಟ್ ಕೌಂಟರಿನವರೆಗೂ ಕೇಳುತ್ತದೆ. ಸಾಲು ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಕೊಂಡರೂ ಆ ಕಂಬ ಜಪ್ಪಯ್ಯ ಎನ್ನುವುದಿಲ್ಲ.

ಅವನು ಹತ್ತಲಾರದ ರೈಡಿಗೆ ಅಪ್ಪ ಅಮ್ಮನಲ್ಲೊಬ್ಬರು ಕೆಳಗೆ ಉಳಿಯಬೇಕು. ಹತ್ತು ರೈಡ್ ಹಂಚಿಕೊಂಡರೆ ತಲೆಗೆ ಐದು. ಇಲ್ಲಿ ಅಜ್ಜಿ ಲೆಕ್ಕಕ್ಕೆ ಬರುತ್ತಾರೆ. ಅರವತ್ತು ದಾಟಿದವರಿಗೆ ರಿಯಾಯಿತಿ ಇರುವುದರಿಂದ ಅವರ ಟಿಕೆಟ್ 1,100 ಎನ್ನೋಣ. ಅಜ್ಜಿ ಮೊಮ್ಮಗನ ಜೊತೆ ಮಕ್ಕಳ ಕೊಳದ ಹತ್ತಿರ ಕೂತರೆ ದಂಪತಿಗೆ ಹತ್ತು ರೈಡ್ ಹೆಚ್ಚು ಸಿಗುತ್ತದೆ, ಒಂದಕ್ಕೆ 110 ರೂಪಾಯಿಯಂತೆ. ಇಡೀ ಬಿಲ್ಲಿನಲ್ಲಿ ಇಷ್ಟು ಅಗ್ಗದ ಬಾಬತ್ತು ಬೇರೆ ಇಲ್ಲ. ಅಜ್ಜಿ ಒಪ್ಪಬೇಕಷ್ಟೆ.

ಹಾಗಾದರೆ ಚಿಕ್ಕವನು ಬೆಳೆಯುವವರೆಗೆ ರಜೆಯೇ ಬೇಡವೇ? ಅರಸೀಕೆರೆಯಿಂದ ಬಾಣಾವರ, ಜಾವಗಲ್ ಮೇಲೆ ಹಳೇಬೀಡು ಸುಮಾರು 45 ಕಿ.ಮೀ. ಅಲ್ಲಿಂದ ಬೇಲೂರು 16. ವಾಪಸು ಬರುವುದೂ ಸೇರಿ ಸುತ್ತು 120 ಕಿ.ಮೀ. ಆಸುಪಾಸು. ಎರಡೂ ಊರಿನ ದೇವಾಲಯಕ್ಕೆ ಪ್ರವೇಶ ಶುಲ್ಕವಿಲ್ಲ. 2023ರ ಸೆಪ್ಟೆಂಬರ್ 18ರಂದು ಸೋಮನಾಥಪುರದ ಜೊತೆ ಇವೂ ಯುನೆಸ್ಕೊ ಪಟ್ಟಿ ಸೇರಿದವು. ಹಳೇಬೀಡಿನ ಮ್ಯೂಸಿಯಮ್ಮಿಗೆ ದೊಡ್ಡವರಿಗೆ 5 ರೂಪಾಯಿ, 15 ವರ್ಷದೊಳಗಿನವರಿಗೆ ಉಚಿತ, ಶುಕ್ರವಾರ ರಜೆ. ಶಕ್ತಿ ಇಲ್ಲಿ ಪೂರ್ತಿ ದಕ್ಕುತ್ತದೆ, ಸರ್ಕಾರಿ ಬಸ್ಸಿಗೆ ಕಾಯುವ ತಾಳ್ಮೆ ಇದ್ದರೆ. ಖಾಸಗಿ ಬಸ್ಸಿಗೆ ಅದು ಅನ್ವಯಿಸದು. ಅಪ್ಪನ ಬಸ್ ಖರ್ಚು 200, ಮ್ಯೂಸಿಯಂ 10, ಚಪ್ಪಲಿ ಕಾಯುವವರಿಗೆ 20, ಗೈಡ್‌ಗೆ 500, ಊಟಕ್ಕೆ 500, ಎಳನೀರು, ಕಡಲೆಕಾಯಿಗೆ 120. ಒಟ್ಟು 1,350 ರೂಪಾಯಿ, 11 ಕೆ.ಜಿ. ಕೊಬ್ಬರಿ. ಪಾರ್ಕಿನ ಒಂದು ದಿನದ ದುಡ್ಡಿನಲ್ಲಿ ಎಂಟು ಸಲ ಹೋಗಿಬರಬಹುದು.

ಎಂಟು ಸಲ ಹೋಗಬೇಕೇ ಎನ್ನುವುದು ಬೇರೆ ಪ್ರಶ್ನೆ. ದೇವಸ್ಥಾನದಲ್ಲಿ ನಾಲ್ಕು ವರ್ಷದ ಹುಡುಗ ಇಪ್ಪತ್ತು ನಿಮಿಷಕ್ಕೇ ಬೇಸತ್ತು ಅಂಗಳದಲ್ಲಿ ಓಡಲು ಶುರುಮಾಡುತ್ತಾನೆ. ಮಧ್ಯಾಹ್ನದ ಬಿಸಿಲಿಗೆ ಹಾಸುಗಲ್ಲು ಬರಿಗಾಲನ್ನು ಸುಡುತ್ತದೆ. ದಪ್ಪ ಕಾಲುಚೀಲ ಮರೆಯದೆ ಒಯ್ಯಿರಿ. ಬೆಳಿಗ್ಗೆ ಹಳೇಬೀಡು, ಮೂರರ ನಂತರ ಬೇಲೂರು ಎಂಬ ಕ್ರಮ ಇಟ್ಟುಕೊಂಡರೆ ಪಾದವೂ ಉಳಿಯುತ್ತದೆ, ಮಧ್ಯಾಹ್ನ ಮುಚ್ಚುವ ಗರ್ಭಗುಡಿಯೂ ತೆರೆದಿರುತ್ತದೆ.

ಹಳೇಬೀಡಿನಲ್ಲಿ ಎತ್ತರದ ನಿಯಮ ತಿರುಗುಮುರುಗು. ಹೊಯ್ಸಳೇಶ್ವರನ ಹೊರಗೋಡೆಯ ತೀರಾ ಕೆಳಗಿನ ಪಟ್ಟಿಯಲ್ಲಿ ಆನೆಗಳ ಸಾಲು. ಜಗತಿಯ ಮೇಲೆ ನಿಂತ ದೊಡ್ಡವರು ಬಗ್ಗಿ ನೋಡಬೇಕು. 103 ಸೆಂ.ಮೀ. ಹುಡುಗ ಕುಕ್ಕರಗಾಲಲ್ಲಿ ಕೂತರೆ ಸಾಕು, ಆನೆ ಕಣ್ಣೆದುರಿಗೇ ಇರುತ್ತದೆ. ಈ ಪಟ್ಟಿಯ ಉದ್ದ 710 ಅಡಿ, ಆನೆಗಳು 2,000ಕ್ಕೆ ಕಡಿಮೆ ಇಲ್ಲ ಎಂದು ವಾಸ್ತುಶಿಲ್ಪದ ಇತಿಹಾಸಕಾರ ಜೇಮ್ಸ್ ಫರ್ಗುಸನ್ 19ನೇ ಶತಮಾನದಲ್ಲಿ ಬರೆದ. ಇವತ್ತಿನ ಗೈಡುಗಳು 1,248 ಎನ್ನುತ್ತಾರೆ. 710 ಅಡಿ ಎಂದರೆ 216 ಮೀಟರ್. ಫರ್ಗುಸನ್ ಹೇಳಿದ್ದು ನಿಜವಾದರೆ ಒಂದಾನೆಗೆ 10.8 ಸೆಂ.ಮೀ. ಜಾಗ, ಗೈಡಿನ ಮಾತು ನಿಜವಾದರೆ 17.3. ಎರಡನೇ ತರಗತಿಯ ಮಗಳ ಬ್ಯಾಗಿನಲ್ಲಿ 15 ಸೆಂ.ಮೀ. ಸ್ಕೇಲು ಇದ್ದೇ ಇರುತ್ತದೆ. ಶಿಲ್ಪ ಮುಟ್ಟದೆ, ದೂರದಿಂದಲೇ ಹಿಡಿದು ಅವಳೇ ತೀರ್ಪು ಹೇಳಲಿ. ಮೇಲಿನ ಸಾಲಿನ ಮಕರವನ್ನು ಏಳು ಪ್ರಾಣಿಗಳ ಅಂಗ ಜೋಡಿಸಿದ್ದು ಎಂದು ಗೈಡುಗಳು ಬಿಡಿಸುತ್ತಾರೆ. ಆ ಒಗಟಿಗೆ ಇನ್ನರ್ಧ ಗಂಟೆ ಸುಖವಾಗಿ ಕಳೆಯುತ್ತದೆ.

ಬೇಲೂರು ಅಷ್ಟು ಸುಲಭವಲ್ಲ. 1117ರ ಚೆನ್ನಕೇಶವನ 42 ಮದನಿಕೆಯರಲ್ಲಿ 38 ಹೊರಗಡೆ ಸೂರಿನಡಿ ಎತ್ತರದಲ್ಲಿದ್ದಾರೆ. ಕತ್ತೆತ್ತಿ ನೋಡುವ ಆ ಸುಖ ದೊಡ್ಡವರದು. ಮಕ್ಕಳಿಗೆ ಹಿಡಿಸುವುದು ಅಂಗಳದ 42 ಅಡಿಯ ದೀಪಸ್ತಂಭ. ಅದರ ಒಂದು ಮೂಲೆ ಪೀಠಕ್ಕೆ ತಾಗದೆ ನಿಂತಿದೆ ಎಂದು ತೋರಿಸಲು ಗೈಡು ಕಾಗದದ ಚೂರೊಂದನ್ನು ಅಡಿಯಲ್ಲಿ ತೂರಿಸಿ ಎಳೆಯುತ್ತಾರೆ. ಮಕ್ಕಳು ‘ಇನ್ನೊಂದ್ಸಲ’ ಎನ್ನುತ್ತಾರೆ. ಅದಕ್ಕೆ ಬೇರೆ ಟಿಕೆಟ್ ಇಲ್ಲ.

ಹಾಗೆಂದು ಶಿಲೆಯ ಆನೆ ತೋರಿಸಿ ಅಲೆಯ ಕೊಳವನ್ನು ಮರೆಸಲಾಗದು. ಪಾರ್ಕಿಗೆ ಹೋಗಲೇಬೇಕು, ಪ್ರಶ್ನೆ ಇರುವುದು ವರ್ಷದ್ದು. ನಾಲ್ಕರಿಂದ ಏಳರವರೆಗೆ ಹುಡುಗ ವರ್ಷಕ್ಕೆ ಸುಮಾರು 6 ಸೆಂ.ಮೀ. ಬೆಳೆಯುತ್ತಾನೆ. ಮೂರು ವರ್ಷ ಕಳೆದರೆ 121 ಸೆಂ.ಮೀ. ಆಗ ಮಗಳಿಗೆ ಹತ್ತು, ಬೆಳವಣಿಗೆ ಪಟ್ಟಿಯ ಪ್ರಕಾರ 138.6 ಸೆಂ.ಮೀ. ಅವನು 120ರ ಕಂಬ ದಾಟಿರುತ್ತಾನೆ, ಅವಳು 140ರ ಕೆಳಗೇ ಇರುತ್ತಾಳೆ. ಇಬ್ಬರಿಗೂ ಮಕ್ಕಳ ಟಿಕೆಟ್. ಒಂದು ವರ್ಷ ತಡವಾದರೆ ಮಗಳಿಗೆ ದೊಡ್ಡವರ ದರ, 300 ರೂಪಾಯಿ ಹೆಚ್ಚು. ಮೂರು ವರ್ಷ ಮೊದಲೇ ಹೋದರೆ ಹುಡುಗನ 1,200ರಲ್ಲಿ ಬಹುಪಾಲು ನೀರಿಗೆ. ಬುಕ್ ಮಾಡುವ ಹಿಂದಿನ ರಾತ್ರಿ ಇಬ್ಬರನ್ನೂ ಗೋಡೆಗೆ ನಿಲ್ಲಿಸಿ, ಚಪ್ಪಲಿ ಬಿಚ್ಚಿಸಿ, ಅಳೆಯಿರಿ. ಚಿಕ್ಕವನು 120 ಮುಟ್ಟಿಲ್ಲವೆಂದರೆ ಈ ವರ್ಷ ಬಾಣಾವರದ ಕಡೆ ಬಸ್ಸು ಹತ್ತಿ.