ಮುದಿ ಕೋಣದ ಮಾಂಸಕ್ಕೆ ಮೂರು ಗಂಟೆ

ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅದಕ್ಕೂ ಎಷ್ಟೋ ಮೊದಲೇ ಗಣಿಯೂರಾದ ಕೆಜಿಎಫ್‌ನ ಆಂಗ್ಲೋ ಇಂಡಿಯನ್ ಕುಟುಂಬಗಳು ಬೆಂಗಳೂರು, ಆಸ್ಟ್ರೇಲಿಯಾ ಎಂದು ಚದುರತೊಡಗಿದ್ದವು. ಜನ ಚದುರಿದರೂ ಅಡುಗೆ ಅಳಿಯಲಿಲ್ಲ. ಗಣಿಯೂರಿನಲ್ಲೇ ಹುಟ್ಟಿ ಬೆಳೆದ ಬ್ರಿಜೆಟ್ ವೈಟ್ ಕುಮಾರ್ ಅದನ್ನು ಹಲವು ಪುಸ್ತಕಗಳಲ್ಲಿ ಬರೆದಿಟ್ಟರು. ಈ ಅಡುಗೆಯ ಬಾಲ್ ಕರಿ, ಹಳದಿ ಅನ್ನ, ಪೆಪ್ಪರ್ ವಾಟರ್‌ಗಳಿಗೆ ಊರಾಚೆಗೂ ಹೆಸರಿದೆ. ಮೂಳೆ, ಮಾಂಸ, ತರಕಾರಿಗಳನ್ನು ಒಂದೇ ಪಾತ್ರೆಯಲ್ಲಿ ಬೇಯಿಸುವ ಬೀಫ್ ಸೂಪಿಗೆ ಮಾತ್ರ ಅಷ್ಟು ಪ್ರಚಾರವಿಲ್ಲ.

ಆಂಧ್ರದ ವಾಲ್ಟೇರ್, ಬೆಜವಾಡಗಳ ರೈಲ್ವೆ ಕಾಲೊನಿಗಳಲ್ಲೂ ಇದೇ ಸಮುದಾಯ ನೆಲೆಸಿತ್ತು. ವಾಲ್ಟೇರ್ ಇಂದಿನ ವಿಶಾಖಪಟ್ಟಣದ ಭಾಗ, ಬೆಜವಾಡ ಇಂದಿನ ವಿಜಯವಾಡ. ಗಣಿಯಾಗಲಿ ರೈಲಾಗಲಿ, ಸಂಬಳದಲ್ಲಿ ದೊಡ್ಡ ಸಂಸಾರ ತೂಗಿಸಬೇಕಾದ ಮನೆಗಳಿಗೆ ಅಗ್ಗದ ಮೂಳೆಮಾಂಸ ಒದಗಿಬರುತ್ತಿತ್ತು.

ಇಂದು ಕರ್ನಾಟಕದಲ್ಲಿ ಬೀಫ್ ಎಂದರೆ ಯಾವ ಮಾಂಸ ಎಂಬುದನ್ನು ಕಾನೂನೇ ಹೇಳುತ್ತದೆ. 2021ರ ಜನವರಿಯಲ್ಲಿ ಜಾರಿಗೆ ಬಂದ ಗೋಹತ್ಯೆ ತಡೆ ಕಾನೂನಿನ ಪ್ರಕಾರ ಹಸು, ಕರು, ಹೋರಿ, ಎತ್ತುಗಳ ವಧೆ ನಿಷಿದ್ಧ. 13 ವರ್ಷ ದಾಟಿದ ಎಮ್ಮೆ, ಕೋಣಗಳನ್ನು ಮಾತ್ರ ಪ್ರಮಾಣಪತ್ರ ಪಡೆದು ಕಡಿಯಬಹುದು. ಆಂಧ್ರದಲ್ಲಿ 1977ರ ಕಾಯ್ದೆಯಿದೆ, ನಿಯಮಗಳು ಬೇರೆ. ರಾಜಕೀಯದ ಮಾತು ಹಾಗಿರಲಿ, ಅಡುಗೆಯವರಿಗೆ ಇದರ ಅರ್ಥ ಒಂದೇ: ಸಿಗುವುದು ವಯಸ್ಸಾದ ಪ್ರಾಣಿಯ ಗಟ್ಟಿ ಮಾಂಸ. ಹುರಿದರೆ ಜಗಿಯಲಾಗದು. ಸೂಪಿಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ.

ಗಟ್ಟಿತನಕ್ಕೆ ಮುಖ್ಯ ಕಾರಣ ಕೊಲಾಜೆನ್ ಎಂಬ ನಾರು. ಪ್ರಾಣಿಗೆ ವಯಸ್ಸಾದಂತೆ ಅದರ ಬಿಗಿ ಹೆಚ್ಚುತ್ತದೆ. 70 ಡಿಗ್ರಿ ಸೆಲ್ಸಿಯಸ್ ದಾಟಿದ ನೀರಿನಲ್ಲಿ ಗಂಟೆಗಟ್ಟಲೆ ಇದ್ದರೆ ಅದೇ ನಾರು ಕರಗಿ ಜೆಲಟಿನ್ ಆಗಿ ಸಾರಿಗೆ ಮೈ ಕೊಡುತ್ತದೆ. ಆದ್ದರಿಂದ ಕಟುಕರಲ್ಲಿ ಮೆತ್ತನೆಯ ತುಂಡು ಕೇಳುವ ಬದಲು ಮೊಣಕಾಲಿನ ಕೆಳಗಿನ ಮಾಂಸ ಅರ್ಧ ಕಿಲೊ, ಜೊತೆಗೆ ಎರಡು ನಲ್ಲಿ ಮೂಳೆ ಕೇಳಬೇಕು.

ಮಾಂಸವನ್ನು ಒರೆಸಿ, ಕಾದ ಎಣ್ಣೆಯಲ್ಲಿ ಕಂದು ಬಣ್ಣ ಬರುವವರೆಗೆ ಬಾಡಿಸಿ. ಇದರಿಂದ ರಸ ಒಳಗೇ ಬಂದಿಯಾಗುತ್ತದೆ ಎಂಬ ನಂಬಿಕೆಯನ್ನು 19ನೇ ಶತಮಾನದ ಜರ್ಮನ್ ರಸಾಯನಶಾಸ್ತ್ರಜ್ಞ ಲೀಬಿಗ್ ಹಬ್ಬಿಸಿದ, ಅದು ಸುಳ್ಳು. ಬಾಡಿಸುವುದು ಬರೀ ರುಚಿಗೆ, ಘಮಕ್ಕೆ. ಆಮೇಲೆ ಮೂಳೆ, ಎರಡು ಲೀಟರ್ ತಣ್ಣೀರು, ಈರುಳ್ಳಿ, ಜಜ್ಜಿದ ಶುಂಠಿ ಬೆಳ್ಳುಳ್ಳಿ, ಹತ್ತು ಕಾಳುಮೆಣಸು, ಒಂದು ಚೂರು ಚಕ್ಕೆ ಹಾಕಿ ಸಣ್ಣ ಉರಿಯಲ್ಲಿಡಿ. ಮೇಲೆ ಬರುವ ಬೂದು ನೊರೆ ತೆಗೆಯುತ್ತಿರಿ. ನೀರು ಕೊತಕೊತ ಕುದಿಯಬಾರದು. ಕುದಿದರೆ ಕೊಬ್ಬು ಬೆರೆತು ಸಾರು ಕದಡುತ್ತದೆ. ಎರಡೂವರೆಯಿಂದ ಮೂರು ಗಂಟೆ ಬೇಕು. ಪುರುಸೊತ್ತಿಲ್ಲದವರು ಕುಕ್ಕರ್ ಕೂಗಿದ ಮೇಲೆ ಉರಿ ತಗ್ಗಿಸಿ ಮುಕ್ಕಾಲು ಗಂಟೆ ಬಿಡಬಹುದು. ಮಾಂಸ ಬೆಂದೀತು, ತಿಳಿಸಾರಿನ ಆಸೆ ಬಿಡಬೇಕು.

ತರಕಾರಿಯನ್ನು ಮಾಂಸದೊಂದಿಗೇ ಸುರಿಯುವುದು ಎಲ್ಲರೂ ಮಾಡುವ ತಪ್ಪು. ಮೂರು ಗಂಟೆ ಬೆಂದ ಬೀನ್ಸಿಗೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ. ಮಾಂಸ ಬೆಂದ ಬಳಿಕ ಕ್ಯಾರೆಟ್, ನವಿಲುಕೋಸು, ಆಲೂಗಡ್ಡೆ ಹಾಕಿ. ಕಾಲು ಗಂಟೆಯ ನಂತರ ಬೀನ್ಸ್, ಎಲೆಕೋಸು. ಟೊಮೆಟೊ ಕೊನೆಗೇ ಬರಲಿ, ಏಕೆಂದರೆ ಹುಳಿ ಸೇರಿದರೆ ಆಲೂಗಡ್ಡೆ ಬೇಗ ಬೇಯುವುದಿಲ್ಲ. ಸಾರು ಬತ್ತಿದಷ್ಟೂ ಉಪ್ಪು ಏರುವುದರಿಂದ ಅದನ್ನೂ ಇಳಿಸುವ ಮುನ್ನ ನೋಡಿ ಹಾಕಬೇಕು.

ಮೂಳೆ ಮುರಿದವರಿಗೆ ಮೂಳೆ ಸೂಪು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಆದರೆ ಮೂಳೆಯಿಂದ ಸಾರಿಗೆ ಇಳಿಯುವ ಸುಣ್ಣದಂಶ ತೀರಾ ಅಲ್ಪ. ಒಂದು ಲೋಟ ಹಾಲಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿದೆ. ಪ್ರೊಟೀನ್ ಬೇಕಿದ್ದರೆ ಸಾರು ಕುಡಿದು ಏಳಬೇಡಿ, ತುಂಡುಗಳನ್ನೂ ತಿನ್ನಿ.

ಉಳಿದ ಸೂಪನ್ನು ರಾತ್ರಿಯಿಡೀ ಒಲೆಯ ಮೇಲೆ ಬಿಡುವ ರೂಢಿ ಕೆಟ್ಟದ್ದು. ವಿಶಾಖಪಟ್ಟಣದಂಥ ಸೆಕೆಯ ಊರಿನಲ್ಲಂತೂ ಬ್ಯಾಕ್ಟೀರಿಯಾಗಳಿಗೆ ಅದೇ ಹಬ್ಬ. ಸಣ್ಣ ಪಾತ್ರೆಗಳಿಗೆ ಬಗ್ಗಿಸಿ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಮರುದಿನ ಮೇಲೆ ಹೆಪ್ಪುಗಟ್ಟಿದ ಕೊಬ್ಬನ್ನು ಚಮಚದಿಂದ ತೆಗೆದು, ಚೆನ್ನಾಗಿ ಕುದಿಸಿಯೇ ಬಡಿಸಿ.